ಬಾಲ ಏಳುವ ಮುನ್ನ ಬಾಯಿ

ನನ್ನ ರೈಸ್ ಮಿಲ್ಲಿನ ಆಫೀಸಿನಲ್ಲಿ ಒಂದು ಸರ್ವರ್ ಇದೆ ಎಂದು ಹೇಳುವಾಗ ನನ್ನ ಮೀಸೆ ತಾನಾಗಿಯೇ ಮೇಲೇಳುತ್ತದೆ. ಏಳನೇ ತರಗತಿಗೇ ಶಾಲೆಗೆ ಸಲಾಮು ಹೊಡೆದು, ಹಮಾಲಿ ಮಾಡಿ, ಸಿಂಧನೂರಿನಲ್ಲಿ ಸ್ವಂತ ಮಿಲ್ಲು ಹಾಕಿದವನ ಮೀಸೆ. ಅಷ್ಟು ಹಕ್ಕು ಅದಕ್ಕುಂಟು. ಬಂದವರು ಮಾತ್ರ ಸರ್ವರನ್ನು ನೋಡಿ, "ಇದೇನ್ರೀ, ಸ್ಟೆಬಿಲೈಜರ್ ಏನು?" ಎನ್ನುತ್ತಾರೆ.

ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ನಮ್ಮ ಗೇಟಿನ ಮುಂದೆ ಸಾಲುಗಟ್ಟುತ್ತವೆ. ಯಾರ ಪಾಳಿ ಯಾವುದೆಂದು ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮ ಪದ್ಧತಿ. ಮುಂದಿನವನ ನಂಬರನ್ನು ಟವೆಲಿನಿಂದ ಒರೆಸಿ, "ಮಂಜು ಬಿದ್ದು ಅಳಿಸಿರಬೇಕ್ರೀ" ಎನ್ನುವುದು ಹಿಂದಿನವನ ಪದ್ಧತಿ. ಈ ಜಗಳ ತಪ್ಪಿಸಲೆಂದು ಬಳಗಾನೂರಿನ ನನ್ನ ಗೆಳೆಯನ ಮಗಳು, ಇಂಜಿನಿಯರ್ ರೇಷ್ಮಾಳಿಂದ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಸಿದೆ. ರೈತ ಮೊಬೈಲ್ ಒತ್ತಿದರೆ ಸಾಕು, ಪಾಳಿಯ ಟೋಕನ್ ಬರಬೇಕು. ಅದಿನ್ನೂ ಒಮ್ಮೆಯೂ ಓಡಿರಲಿಲ್ಲ, ನಾನು ಚಹಾದಂಗಡಿಯಲ್ಲಿ ಸಾರಿಬಿಟ್ಟೆ: ಸೋಮವಾರದಿಂದ ಸೀಮೆಸುಣ್ಣ ಬಂದ್!

ದಢೇಸುಗೂರಿನ ಹುಸೇನಪ್ಪ ನನ್ನ ಹಳೆಯ ಗಿರಾಕಿ, ಅದಕ್ಕಿಂತ ಹಳೆಯ ಗೆಳೆಯ. ಎಲ್ಲರೆದುರೇ ಅಂದ: "ಲೇ ಸಾಹುಕಾರ, ಟೋಕನ್ ಬರಲಿಲ್ಲಂದ್ರ ಅದ ಸುಣ್ಣದಾಗ ನಿನ್ನ ಮೀಸಿ ಮ್ಯಾಲ ನಂಬರ್ ಬರಿತೀನಿ ನೋಡು."

ಭಾನುವಾರ ಎಲ್ಲ ಸಜ್ಜು ಮಾಡಿಟ್ಟ ರೇಷ್ಮಾ ಹೊರಡುವಾಗ ಹೇಳಿದಳು: "ಚಾಚಾ, ನಾಳೆ ಮೊದ್ಲು ಡೇಟಾಬೇಸ್ ಏಳಬೇಕು, ಪಾಳಿ ಲೆಕ್ಕ ಎಲ್ಲ ಕೂಡೋದು ಅದರಾಗ. ಅಪ್ಲಿಕೇಶನ್ ಆಮ್ಯಾಲ."

"ಮಿಲ್ ಹಚ್ಚಾವನಿಗೆ ಹಚ್ಚೋದು ಕಲಸ್ತಿಯೇನವ್ವಾ?" ಎಂದೆ.

ಮಿಲ್ಲನ್ನು ಬಾಲದಿಂದ ಶುರು ಮಾಡಬೇಕು. ಅಕ್ಕಿ ಹೊರಬೀಳುವ ಕಡೆಯ ಯಂತ್ರ ಮೊದಲು ತಿರುಗಬೇಕು, ಭತ್ತ ಸುರಿಯುವ ಬಾಯಿ ಕೊನೆಗೆ ತೆರೆಯಬೇಕು. ಉಲ್ಟಾ ಮಾಡಿದರೆ ನಡುವೆ ಭತ್ತ ಸಿಕ್ಕಿ ಬೆಲ್ಟು ಕಿತ್ತು ಬರುತ್ತದೆ. ಇಲ್ಲಿ ಹೊರಬೀಳುವುದು ಟೋಕನ್ ಅಲ್ಲವೇ? ಅದನ್ನು ಕೊಡುವ ಅಪ್ಲಿಕೇಶನ್ನೇ ಬಾಲವೆಂದು ಸೋಮವಾರ ಮುಂಜಾನೆ ಅದನ್ನೇ ಮೊದಲು ಎಬ್ಬಿಸಿದೆ.

ಪರದೆಯ ತುಂಬ ಕೆಂಪು ಸಾಲುಗಳು. ಗಾಬರಿಯಾಗಿ ಫೋನ್ ಮಾಡಿದೆ; ರೇಷ್ಮಾ ಆಟೋದಲ್ಲಿ ಓಡಿಬಂದು ಓದಿ ಹೇಳಿದಳು: ಇದು ಬೀಳಲು ಅದು ಕಾರಣ, ಅದು ಬೀಳಲು ಮತ್ತೊಂದು ಕಾರಣ. ಥೇಟ್ ನನ್ನ ಆಳುಗಳೇ! ಮೋಟಾರು ಸುಟ್ಟರೆ ಒಬ್ಬ ಬೆಲ್ಟು ತೋರಿಸುತ್ತಾನೆ, ಇನ್ನೊಬ್ಬ ಕರೆಂಟು ತೋರಿಸುತ್ತಾನೆ. ಜಾವಾದ ದೊಡ್ಡತನವೆಂದರೆ, ಕಟ್ಟಕಡೆಯ ಸಾಲಿನಲ್ಲಾದರೂ ನಿಜ ಒಪ್ಪಿಕೊಳ್ಳುತ್ತದೆ: ಡೇಟಾಬೇಸ್ ಸಿಗಲಿಲ್ಲ.

ಬಾಗಿಲಲ್ಲಿ ಹುಸೇನಪ್ಪ ಸುಣ್ಣದ ತುಂಡು ಹಿಡಿದು ನಿಂತಿದ್ದ. "ಮೀಸಿ ಒಣಗೈತೇನು? ಹಸಿ ಇದ್ರ ಸುಣ್ಣ ಹತ್ತಂಗಿಲ್ಲ."

"ಚಾಚಾ, ಮೊದ್ಲು ಯಾವ್ದು ಹಚ್ಚಿದ್ರಿ?"

"ಬಾಲ. ಟೋಕನ್ ಕೊಡೋದು."

ರೇಷ್ಮಾ ನಗು ತಡೆದಳು. "ಅದು ಬಾಯಿರೀ ಚಾಚಾ. ರೈತ ಒತ್ತಿದ್ದು ಮೊದ್ಲು ಅಲ್ಲೇ ಬಂದು ಬೀಳ್ತೈತಿ. ಕೊನೀಗೆ ಹೋಗಿ ಕೂಡೋದು ಡೇಟಾಬೇಸಿನಾಗ, ಬಾಲ ಅದು. ಬಾಲ ಮಲಗಿತ್ತು, ನೀವು ಬಾಯಾಗ ಭತ್ತ ಸುರಿದೀರಿ."

ಡೇಟಾಬೇಸ್ ಎಬ್ಬಿಸಿದಳು. ಅಪ್ಲಿಕೇಶನ್ ಎಬ್ಬಿಸಿದಳು. ಹುಸೇನಪ್ಪ ಮೊಬೈಲ್ ಒತ್ತಿದ. ಟಿಣ್! ಟೋಕನ್ ಬಂದೇ ಬಂತು. ಅವನು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ. ಆಮೇಲೆ ಮೆಲ್ಲಗೆ ಹೊರಗೆ ಹೋಗಿ ಆ ನಂಬರನ್ನು ಅದೇ ಸುಣ್ಣದಲ್ಲಿ ತನ್ನ ಮಡ್‌ಗಾರ್ಡಿನ ಮೇಲೆ ಬರೆದುಕೊಂಡ. "ಚಾರ್ಜ್ ಹೋದ್ರ ಏನ್ಮಾಡ್ಲಿ?"

ಮೀಸೆ ಉಳಿಯಿತು. ಆದರೆ ಯೋಚಿಸಿದರೆ, ನಾನು ಉಲ್ಟಾ ಶುರು ಮಾಡಿದ್ದು ಸೋಮವಾರವಲ್ಲ. ಬಾಲದ ಕಡೆ ಏನೂ ಎದ್ದಿರದಿದ್ದಾಗಲೇ ಚಹಾದಂಗಡಿಯಲ್ಲಿ ಬಾಯಿ ತೆರೆದೆನಲ್ಲ, ಆವತ್ತು. ಈಗ "ಮತ್ತೇನು ಹೊಸಾದು ಸಾಹುಕಾರ?" ಎಂದು ಅಲ್ಲಿ ಯಾರಾದರೂ ಕೇಳಿದರೆ ಬಾಯಿ ತೆರೆಯುತ್ತೇನೆ, ಚಹಾ ಕುಡಿಯಲಷ್ಟೇ.