ಅಂಗೈಯಲ್ಲಿ ಮಿರಗದ ಹುಳ

ಮೊನ್ನೆ ಕಪಾಟಿನ ಮೇಲಿದ್ದ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದೆ. ಊಟದ ಅಕ್ಕಿಯಲ್ಲ ಅದು. ಮುಗ್ಗಲು ವಾಸನೆ, ಅದರೊಳಗೆ ಸ್ವಲ್ಪ ಕರ್ಪೂರ, ಸ್ವಲ್ಪ ಹಳೇ ಚರ್ಮದ ಪಟ್ಟಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅಕ್ಕಿಯ ನಡುವೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕ್ಯಾಮೆರಾ ಲೆನ್ಸ್. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯಬಾರದೆಂದು ಹೀಗೆ ಹೂತಿಡುವುದನ್ನು ಕಲಿಸಿದವರು ಸ್ಟುಡಿಯೋ ಕಾಕಾ. “ತೇವಾ ಎಲ್ಲಾ ಅಕ್ಕಿ ಕುಡೀತೈತ್ರಿ ಮಾಸ್ತರ್ರ” ಎನ್ನುತ್ತಿದ್ದರು...

ಗಡಿಯಾಚೆ ತೆಲುಗು ಸೀಮೆಯ ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರಿನ ಗಲ್ಲಿಯಲ್ಲಿ ಅವರ ಸ್ಟುಡಿಯೋ. ಅಲ್ಲಿಯ ಕನ್ನಡ ಶಾಲೆಗೆ ವರ್ಗವಾಗಿ ಬಂದ ನಾನು ಅದರ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮದುವೆಯಾಗದೆ ಐವತ್ತು ದಾಟಿದ ಮಾಸ್ತರನನ್ನು ಊರು ಎರಡು ದಿನ ಕುತೂಹಲದಿಂದ ನೋಡುತ್ತದೆ, ಆಮೇಲೆ ಮರೆತುಬಿಡುತ್ತದೆ. ಸಂಜೆ ಶಾಲೆಯಿಂದ ಬಂದರೆ ಮಾತಾಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಕಾಕಾ ಅವರದೂ ಅದೇ ಪಾಡು. ಒಂದು ಕಾಲಕ್ಕೆ ನಾರಾಯಣಪೇಟೆಯಿಂದ ಗದ್ವಾಲದವರೆಗೆ ಯಾರ ಮದುವೆಯಾದರೂ ಅವರ ಕ್ಯಾಮೆರಾ ಇಲ್ಲದೆ ಅಕ್ಕಿಕಾಳು ಬೀಳುತ್ತಿರಲಿಲ್ಲವಂತೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಬೇರೆ ಗಿರಾಕಿಯೇ ಇಲ್ಲ. ಅವರ ಹೆಂಡತಿ, ಕಾಕಿ, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಬೇಸರ ಕಳೆಯಲು ನಾನು ಮೊಬೈಲಿನಲ್ಲಿ ಇರುವೆ, ಜೇಡ, ಮಿಡತೆಗಳ ಫೋಟೋ ತೆಗೆಯುತ್ತಿದ್ದೆ. ಒಂದು ಸಂಜೆ ಅವನ್ನೆಲ್ಲ ನೋಡಿ ಕಾಕಾ ಕೇಳಿದರು. “ಇದ್ರಾಗ ಮಿರಗದ ಹುಳ ಬರತೈತೇನ್ರಿ?”

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿದ್ದ ಮರುದಿನ ಕೆಂಪು ಮಣ್ಣಿನಿಂದ ಎದ್ದು ಬರುವ, ಮಖಮಲ್ಲಿನ ಗುಂಡಿಯಂಥ ಆ ಕೆಂಪು ಹುಳ. ತೆಲುಗಿನವರು ಆರುದ್ರ ಪುರುಗು ಎನ್ನುತ್ತಾರೆ. ಮೊಬೈಲಿನಲ್ಲಿ ಬರುತ್ತದೆ, ಆದರೆ ಬರೀ ಕೆಂಪು ಚುಕ್ಕೆಯಾಗಿ, ಮೈಮೇಲಿನ ರೋಮ ಕಾಣುವುದಿಲ್ಲ ಎಂದೆ. ಕಾಕಾ ಮೊಬೈಲನ್ನು ನನ್ನ ಕೈಗೆ ವಾಪಸು ಕೊಟ್ಟು, “ನಿಮ್ಮ ಕಾಕಿ ಗದ್ವಾಲ್ ನೇಕಾರ್ರ ಮನೀ ಹುಡುಗಿ. ಪ್ರತಿ ವರ್ಷಾ ಮಿರಗಕ್ಕ ಕೇಳ್ತಿದ್ಳು, ಊರ ಮಂದೀದೆಲ್ಲಾ ತೆಗೀತೀರಿ, ನನ್ನ ಹುಳದ್ದೊಂದು ತೆಗೀರಿ ಅಂತ. ತೆಗೀಲೇ ಇಲ್ಲ” ಎಂದರು. ದೀಪದ ಬುಡಕ್ಕೆ ಕತ್ತಲೆ ಅಂದರೆ ಇದೇ ನೋಡಿ. ಈ ಮಿರಗಕ್ಕಾದರೂ ಆ ಫೋಟೋ ತೆಗೆಯಲೇಬೇಕೆಂದು ಅವರು ಹಠ ಹಿಡಿದದ್ದು ಅಂದಿನಿಂದ.

ಅದಕ್ಕೆ ಸಣ್ಣದನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇಕು. ಯಾವುದು? ಅಲ್ಲಿಂದ ಶುರುವಾಯಿತು. ಅರವತ್ತು ಮಿಲಿಮೀಟರಿನದಾದರೆ ಹುಳಕ್ಕೆ ನಾಲ್ಕು ಬೆರಳಿನಷ್ಟು ಹತ್ತಿರ ಹೋಗಬೇಕು. ನೂರರದಾದರೆ ಗೇಣಿಗೆ ತುಸು ಕಡಿಮೆ. ನೂರೆಂಬತ್ತರದಾದರೆ ಗೇಣಿನ ಮೇಲೆ ಇನ್ನೊಂದು ನಾಲ್ಕು ಬೆರಳು ದೂರ ಕೂತು ತೆಗೆಯಬಹುದು, ಹುಳ ಹೆದರುವುದಿಲ್ಲ, ಆದರೆ ಲೆನ್ಸ್ ಒನಕೆಯಷ್ಟು ಭಾರ. ಕಾಕಾ ಮೇಜಿನ ಮೇಲೆ ಬೆಂಕಿಪೊಟ್ಟಣವನ್ನು ಹುಳವೆಂದು ಇಟ್ಟು, ಕೈಯಿಂದ ಅಳೆದು ಅಳೆದು ನೋಡುತ್ತಿದ್ದರು. ಇವತ್ತು ನೂರು ಎಂದರೆ ನಾಳೆ ಅರವತ್ತು. ಚರ್ಚೆ ಹನುಮಂತನ ಬಾಲದ ಹಾಗೆ ಬೆಳೆಯಿತು. ನನಗೆ ರೇಗುತ್ತಿತ್ತು. ಆದರೆ ನಿಜ ಹೇಳುತ್ತೇನೆ, ಶಾಲೆಯ ಕೊನೆಯ ಗಂಟೆ ಹೊಡೆದರೆ ನನ್ನ ಕಾಲು ತಾನಾಗಿ ಬೇಗ ಬೇಗ ಹೆಜ್ಜೆ ಹಾಕುತ್ತಿತ್ತು. ಲೆನ್ಸ್ ಬಂದುಬಿಟ್ಟರೆ ಈ ಸಂಜೆಗಳು ಮುಗಿದುಹೋಗುತ್ತವಲ್ಲ ಎಂಬ ಅಳುಕೂ ಇತ್ತು.

ಮಿರಗ ಹತ್ತಿರವಾಗುತ್ತಿದ್ದಂತೆ ಹೈದರಾಬಾದಿನ ಹಳೇ ಕ್ಯಾಮೆರಾ ಅಂಗಡಿಯೊಂದರಿಂದ ಕಾಕಾ ತರಿಸಿಯೇಬಿಟ್ಟರು. ನೋಡಿದರೆ ಅರವತ್ತರದು! ನೂರರದೇ ಸರಿ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೆ. “ಅಷ್ಟು ಹತ್ತಿರ ಹೋದರೆ ನಿಮ್ಮ ನೆರಳೇ ಹುಳದ ಮೇಲೆ ಬೀಳ್ತದೆ ಕಾಕಾ! ನನ್ನ ಮಾತು ಯಾಕ ಕೇಳಲಿಲ್ರಿ?” ಎಂದು ಹಾರಾಡಿದೆ. ಅವರು ಲೆನ್ಸನ್ನು ಬಟ್ಟೆಯಿಂದ ಒರೆಸುತ್ತ, “ಇರ್ಲಿ ಬಿಡ್ರಿ, ನನಗ ಇದೇ ಬೇಕು” ಎಂದಷ್ಟೇ ಹೇಳಿದರು. ಎರಡು ದಿನ ನಾನು ಕೆಳಗಿಳಿಯಲಿಲ್ಲ.

ಮಿರಗ ಕೂಡಿತು. ಮಳೆ ಬಿದ್ದ ಮರುದಿನ ಬೆಳಿಗ್ಗೆ ಅವರೇ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾರಾಯಣಪೇಟೆ ರಸ್ತೆಯ ಪಕ್ಕದ ಕೆಂಪು ಬಯಲಿಗೆ ಇಬ್ಬರೂ ನನ್ನ ಗಾಡಿಯಲ್ಲಿ ಹೋದೆವು. ಹುಳಗಳು ಎದ್ದಿದ್ದವು... ಹಸಿ ಮಣ್ಣಿನ ಮೇಲೆ ಯಾರೋ ಕುಂಕುಮ ಚೆಲ್ಲಿದಂತೆ. ಕಾಕಾ ಮೊಣಕಾಲೂರಿ ಕೂತು ಒಂದನ್ನು ಮೆಲ್ಲಗೆ ಎತ್ತಿ ತಮ್ಮ ಎಡ ಅಂಗೈಯಲ್ಲಿ ಇಟ್ಟುಕೊಂಡರು. ಬಲಗೈಯಲ್ಲಿ ಕ್ಯಾಮೆರಾ. ಲೆನ್ಸಿನ ತುದಿ ಹುಳದ ನೇರಕ್ಕೆ ನಿಲ್ಲದೆ ಅತ್ತಿತ್ತ ಜಾರುತ್ತಿತ್ತು.

“ಕಾಕಾ, ಹುಳ ನಾ ಹಿಡೀತೀನಿ, ನೀವು ಎರಡೂ ಕೈಲೆ ಕ್ಯಾಮೆರಾ ಹಿಡೀರಿ” ಎಂದೆ.

“ಬ್ಯಾಡ್ರಿ ಮಾಸ್ತರ್ರ” ಎಂದರು, ತಲೆ ಎತ್ತದೆ. “ಆಕಿ ಇದನ್ನ ತಂದು ನನ್ನ ಅಂಗೈಯ್ಯಾಗ ಇಟ್ಟು, ಹೂಂ ತೆಗೀರಿ ಅಂತಿದ್ಳು. ಕೈಯಾಗ ನೀನೇ ಇಟ್ರ ಹೆಂಗ ತೆಗೀಲಿ ಹುಚ್ಚಿ, ಅಂತ ನಾ ನಗ್ತಿದ್ದೆ.”

ಆಗ ನನಗೆ ಅರ್ಥವಾಯಿತು. ಅಷ್ಟೂ ಸಂಜೆ ಅವರು ಮೇಜಿನ ಮೇಲೆ ಅಳೆದದ್ದು ಹುಳದ ದೂರವನ್ನಲ್ಲ. ತಮ್ಮದೇ ಒಂದು ಕೈಯಿಂದ ಇನ್ನೊಂದು ಕೈಗೆ ಇರುವ ದೂರವನ್ನು. ಹಗುರವಾಗಿ, ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಅಂಗೈಗೆ ಅಷ್ಟು ಹತ್ತಿರ ಒಯ್ಯಬಹುದಾದದ್ದು ಅರವತ್ತರದು ಮಾತ್ರ. ನಾನು ಆಚೆ ತಿರುಗಿ ನಿಂತೆ.

ಫೋಟೋ ಸರಿಯಾಗಿ ಬರಲಿಲ್ಲ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಮೂಡುವುದು ಕೂದಲೆಳೆಯಷ್ಟು ದಪ್ಪದ ಪದರ ಮಾತ್ರ. ಕೈ ತುಸು ಅಲುಗಿದರೂ ಮುಗಿಯಿತು. ತೆಗೆದ ಒಂದೊಂದರಲ್ಲೂ ಹುಳ ಮಸುಕು. ಬಿಸಿಲೇರಿ ಹುಳಗಳು ಮಣ್ಣಿಗಿಳಿದವು. ಕಾಕಾ ಅವುಗಳಲ್ಲೇ ಒಂದನ್ನು ಪ್ರಿಂಟ್ ಹಾಕಿ ನನ್ನ ಕೈಗೆ ಕೊಟ್ಟು, “ಕೆಟ್ಟೈತಿ. ಮುಂದಿನ ಮಿರಗಕ್ಕ ನೋಡಮು” ಎಂದರು.

ಮುಂದಿನ ಮಿರಗ ಅವರಿಗೆ ಬರಲಿಲ್ಲ. ಸಂಕ್ರಾಂತಿಯ ಹಿಂದುಮುಂದು, ಮಧ್ಯಾಹ್ನ ಸ್ಟುಡಿಯೋದ ಕುರ್ಚಿಯಲ್ಲಿ ಕೂತವರು ಕೂತಂತೆಯೇ... ಗದ್ವಾಲದಿಂದ ಕಾಕಿಯ ಅಣ್ಣನ ಮಗ ಬಂದ. ಹಾರ ಹಾಕಲು ಒಂದು ಫೋಟೋ ಬೇಕಿತ್ತು. ಸ್ಟುಡಿಯೋದ ಡಬ್ಬಿ, ಕವರು, ಕಂಪ್ಯೂಟರ್ ಎಲ್ಲ ತಡಕಿದೆವು. ಊರಿಗೆ ಊರೇ ಇತ್ತು ಅದರಲ್ಲಿ, ಕಾಕಾ ಇರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದರು. ಅದು ಅವರಂತೆ ಇರಲಿಲ್ಲ. “ನೀವೇ ಇಟ್ಕೋರಿ ಸರ್, ನಮಗ ಇದು ತಿಳಿಯಂಗಿಲ್ಲ” ಎಂದು ಆ ಹುಡುಗ ಲೆನ್ಸನ್ನು ಅಕ್ಕಿ ಡಬ್ಬಿಯ ಸಮೇತ ನನಗೆ ಕೊಟ್ಟ.

ಈಗ ನಾನು ನಾರಾಯಣಪೇಟೆಯಲ್ಲಿದ್ದೇನೆ. ಇಲ್ಲಿಯೂ ಒಂದೇ ಕೋಣೆ. ಮೊನ್ನೆ ಮಿರಗದ ಮಳೆ ಬಿತ್ತೆಂದೇ ಡಬ್ಬಿ ತೆಗೆದದ್ದು, ಅವರ ಫೋಟೋವನ್ನು ನಾನಾದರೂ ಮುಗಿಸೋಣವೆಂದು. ಲೆನ್ಸಿನ ಕೆಳಗೆ, ಸರಿಯಾಗಿ ನೋಡದೆ ನಾನೇ ಇಟ್ಟಿದ್ದ ಆ ಕೆಟ್ಟ ಪ್ರಿಂಟ್ ಇತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಹುಳ ಕೆಂಪಗೆ ಮಸುಕಾಗಿದೆ. ಹಿಂದಿನ ಅಂಗೈ ಮಾತ್ರ ಒಂದೊಂದು ಗೆರೆಯೂ ಕಾಣುವಷ್ಟು ಸ್ಪಷ್ಟ. ಹೆಬ್ಬೆರಳ ಬುಡದ ಹಳೇ ಗಾಯದ ಗುರುತು, ಬೆರಳ ಸಂದಿಗೆ ಮೆತ್ತಿದ ಕೆಂಪು ಮಣ್ಣು, ಎಲ್ಲ ಇದೆ.

ಊರವರೆಲ್ಲರ ಮುಖ ತೆಗೆದ ಕಾಕಾ ನನ್ನ ಬಳಿ ಉಳಿದದ್ದು ಇಷ್ಟೇ, ಒಂದು ಅಂಗೈ. ಲೆನ್ಸನ್ನು ಮತ್ತೆ ಅಕ್ಕಿಯಲ್ಲಿ ಹೂತು, ಫೋಟೋವನ್ನು ಗೋಡೆಗೆ ಹಚ್ಚಿದೆ. ಬಯಲಿಗೆ ಹೋಗಲಿಲ್ಲ.