ಬಂದೂಕಿನ ಪೆಟ್ಟಿಗೆಗೆ ಚೆಂಡುಹೂವು

ಕಲಬುರಗಿಯಲ್ಲಿ ನಮ್ಮ ಪಕ್ಕದ ಮನೆಯ ಗೌಡರಿಗೆ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿತ್ತು. ಹಂದಿ ಬೆದರಿಸಲು ಲೈಸೆನ್ಸಿನ ಬಂದೂಕೂ ಇತ್ತು. ತೋಟದಿಂದ ಬಂದವರೇ ಅದನ್ನು ಧೋತರದಲ್ಲಿ ಸುತ್ತಿ, ಬಾಗಿಲ ಹಿಂದೆ ಕೊಡೆಯ ಪಕ್ಕ ನಿಲ್ಲಿಸುತ್ತಿದ್ದರು. ಅವರ ಪುಟ್ಟ ಮೊಮ್ಮಗಳು ಆಟದಲ್ಲಿ ಅವಿತುಕೊಳ್ಳುವುದೂ ಅದೇ ಬಾಗಿಲ ಹಿಂದೆ. ನಾನು ರೇಗಿದರೆ ಮೀಸೆ ಒರೆಸಿಕೊಂಡು, "ಏನೂ ಆಗಂಗಿಲ್ಲ ಬಿಡ್ರಿ ಸರ್," ಎನ್ನುತ್ತಿದ್ದರು.

ಕೊನೆಗೆ ನಾನೇ ಅವರನ್ನು ಗುಜರಿ ಅಂಗಡಿಗೆ ಎಳೆದೊಯ್ದು, ಅಗ್ಗಕ್ಕೆ ಸಿಕ್ಕ ಉದ್ದನೆಯ ಕಬ್ಬಿಣದ ಪೆಟ್ಟಿಗೆ ಕೊಡಿಸಿದೆ. ಒಳಕೋಣೆಯ ಮೂಲೆಯಲ್ಲಿ ಅದನ್ನು ಗೋಡೆಗೆ ಬೋಲ್ಟ್ ಹಾಕಿಸಿ, ಗಟ್ಟಿ ಬೀಗ ಜಡಿದು, ಮೇಲೆ ಕೌದಿ ಹೊದಿಸಿದೆವು. ಗುಂಡಿನ ತೋಟಾಗಳನ್ನು ಬೇರೆ ಅಲಮಾರಿಯಲ್ಲಿಡಿಸಿದೆ.

"ನೋಡಿದವರಿಗಿ ಇದು ಹಾಸಿಗಿ ಪೆಟಗಿ. ಮನ್ಯಾಗ ಬಂದೂಕ ಹೊರಗ ತೆಗೀಬ್ಯಾಡ್ರಿ," ಎಂದೆ.

ದಸರೆಗೆ ಬನ್ನಿ ಕೊಡಲು ಹೋದೆ. ಓಣಿಯ ಜನವೆಲ್ಲ ಒಳಕೋಣೆಯಲ್ಲಿತ್ತು. ಕೌದಿ ಮಾಯವಾಗಿತ್ತು. ಪೆಟ್ಟಿಗೆಗೆ ವಿಭೂತಿ, ಸುತ್ತಲೂ ಚೆಂಡುಹೂವಿನ ಮಾಲೆ.

"ಇದೇನ್ರೀ ಗೌಡ್ರ?"

"ಹೊರಗ ತೆಗೀಬ್ಯಾಡ ಅಂದವರು ನೀವ. ಆಯುಧಕ್ಕ ಮಾಡೂ ಖಂಡೆಪೂಜಿ ಬಿಡಾಕ ಬರ್ತದೇನ್ರಿ? ಅದಕ್ಕ ಪೆಟಗಿಗೇ ಮಾಡೀನಿ."

"ಓಣಿಗೆಲ್ಲ ಗೊತ್ತಾಯ್ತಲ್ರಿ."

"ಏನೂ ಆಗಂಗಿಲ್ಲ ಬಿಡ್ರಿ ಸರ್."

ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಅಷ್ಟರಲ್ಲಿ ಮೊಮ್ಮಗಳು ಹೂವಿನಾಸೆಗೆ ಬಂದು ಬೀಗವನ್ನೂ ಜಗ್ಗಿದಳು. ಅದು ಅಲುಗಲಿಲ್ಲ.

"ಕೀಲಿಕೈ ಎಲ್ಲದ?" ಎಂದು ಗದರಿಸಿಯೇ ಕೇಳಿದೆ.

ಅವರು ಅಂಗಿ ಎತ್ತಿ ಉಡದಾರ ತೋರಿಸಿದರು. ಕೀಲಿಕೈಯನ್ನು ಅಲ್ಲಿ ಬಿಗಿಯಾಗಿ ಕಟ್ಟಿಕೊಂಡಿದ್ದರು. ಅದಕ್ಕೂ ಕುಂಕುಮ ಹಚ್ಚಿದ್ದರು.