ಹೊಲಿಗೆ ಬಿಚ್ಚಿಕೊಟ್ಟ ಗುಲಾಬಿಯಕ್ಕ

ಗುಲಾಬಿಯಕ್ಕ ಮನಸ್ಸಿನ ಕಾಯಿಲೆಯ ಮಾತ್ರೆ ನುಂಗುತ್ತಿದ್ದುದು ಎಲ್ಲರ ಎದುರಿಗೇ. ಮೆಲ್ಕಾರಿನ ಅವರ ಟೈಲರ್ ಅಂಗಡಿಯಲ್ಲಿ ಎಷ್ಟೇ ಜನರಿರಲಿ, ಬೆಳಿಗ್ಗೆ ಹತ್ತಕ್ಕೆ ಮೆಷಿನ್ ನಿಲ್ಲಿಸಿ ಗಟಗಟನೆ ನೀರು ಕುಡಿಯುತ್ತಿದ್ದರು. "ಮೆಷಿನಿಗೆ ಎಣ್ಣೆ ಬೇಡ್ವಾ? ನನಗೂ ಬೇಕು" ಎಂದು ನಗುತ್ತಿದ್ದರು. ಗಂಡ ತೀರಿಹೋದ ಮೇಲೆ ಕತ್ತರಿ ಹಿಡಿಯಲೂ ಆಗದೆ ಕುಳಿತಿದ್ದರಂತೆ, ಮಾತ್ರೆ ಸುರುವಾದದ್ದು ಆಗ. ಯಾರಾದರೂ ಮುಖ ಮುಖ ನೋಡಿದರೆ, "ಸಕ್ಕರೆ ಕಾಯಿಲೆಯವರು ತಿನ್ನುದಿಲ್ವಾ ಮಾರಾಯ್ತಿ, ಹಾಗೆಯೇ" ಎನ್ನುತ್ತಿದ್ದರು.

ನಾನು ಹಾಗಲ್ಲ. ನನ್ನ ಮಾತ್ರೆ ಮೆಂತೆ ಡಬ್ಬದ ಹಿಂದೆ ಅಡಗಿರುತ್ತಿತ್ತು. ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕಾರಣವಿಲ್ಲದ ಅಳು, ದೇವರೆದುರು ದೀಪ ಹಚ್ಚಲೂ ಕೈ ಏಳುತ್ತಿರಲಿಲ್ಲ. ಮಂಗಳೂರಿನ ಡಾಕ್ಟರಮ್ಮ ಕೊಟ್ಟ ಮಾತ್ರೆಯಿಂದ ಒಂದು ತಿಂಗಳಲ್ಲಿ ಮನಸ್ಸು ತಿಳಿಯಾಯಿತು. ಆದರೆ ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ನಿದ್ದೆ ಬಿಡುತ್ತಿರಲಿಲ್ಲ, ಹಸಿವೋ ಹಸಿವು. ಯಾವ ಬ್ಲೌಸೂ ಮೈಗೆ ಹತ್ತದಾಯಿತು.

ಹೊಲಿಗೆ ಬಿಚ್ಚಿಸಲು ಒಂದು ಚೀಲ ಬ್ಲೌಸು ಒಯ್ದೆ. ಬೇರೆಯವರು ಹೋಗುವ ತನಕ ಕಾದು, ಗುಲಾಬಿಯಕ್ಕ ತಗ್ಗಿದ ದನಿಯಲ್ಲಿ ಕೇಳಿದರು: "ಅಕ್ಕ, ರಾತ್ರಿ ತಿನ್ನುವ ಮಾತ್ರೆಯಾ?"

ನಾನು ಅತ್ತೇಬಿಟ್ಟೆ.

"ನನಗೂ ಮೊದಲು ಅದೇ ಜಾತಿಯದ್ದು ಕೊಟ್ಟದ್ದು. ನನ್ನ ಬ್ಲೌಸು ಎಷ್ಟು ಸಲ ಬಿಚ್ಚಿದ್ದು ಗೊತ್ತುಂಟಾ? ಕೊನೆಗೆ ಬಿಚ್ಚಲಿಕ್ಕೆ ಬಟ್ಟೆಯೇ ಇರ್ಲಿಲ್ಲ!"

ಆ ವಾರವೇ ನಾನೊಂದು ತಿಳಿಗೇಡಿ ಕೆಲಸ ಮಾಡಿದೆ. ಧರ್ಮಸ್ಥಳಕ್ಕೆ ಹೋಗಿ ಸ್ವಾಮಿಯಲ್ಲಿ ಎಲ್ಲವನ್ನೂ ಹೇಳಿಕೊಂಡಿದ್ದೆ. ಇನ್ನೂ ಮಾತ್ರೆ ತಿಂದರೆ ನನಗೆ ನಂಬಿಕೆ ಇಲ್ಲವೆಂದಾಗುತ್ತದೆ ಎಂದುಕೊಂಡು ಅಂದಿನಿಂದಲೇ ಬಿಟ್ಟೆ. ಐದು ದಿನ ಕಳೆದು ಬ್ಲೌಸು ತರಲು ಹೋದಾಗ ತಲೆ ಸುತ್ತಿ ಅಂಗಡಿಯ ಮೆಟ್ಟಿಲಲ್ಲೇ ಕುಳಿತೆ. ವಿಷಯ ಕೇಳಿ ಗುಲಾಬಿಯಕ್ಕ ಸೊಂಟಕ್ಕೆ ಕೈಯಿಟ್ಟು ನಿಂತರು.

"ಸ್ವಾಮಿಯನ್ನು ನೋಡ್ಲಿಕ್ಕೆ ಹೋಗುವಾಗ ಈ ಕನ್ನಡಕ ತೆಗೆದಿಟ್ಟು ಹೋದ್ರಾ?"

"ಇಲ್ಲ."

"ಮತ್ತೆ? ಕನ್ನಡಕ ಹಾಕಿದ್ದಕ್ಕೆ ಸಿಟ್ಟು ಮಾಡದ ಸ್ವಾಮಿ ಮಾತ್ರೆ ತಿಂದದ್ದಕ್ಕೆ ಮಾಡ್ತಾರಾ? ಏಳಿ, ಡಾಕ್ಟ್ರ ಹತ್ರ ಹೋಗುವ."

ಮದುವೆಯ ಬ್ಲೌಸುಗಳು ರಾಶಿ ಬಿದ್ದಿದ್ದರೂ ಷಟರ್ ಎಳೆದು ನನ್ನೊಟ್ಟಿಗೆ ಬಸ್ಸು ಹತ್ತಿದರು.

ಡಾಕ್ಟರಮ್ಮ ಗದರಲಿಲ್ಲ. "ಇದರಲ್ಲಿ ಬೇರೆ ಬೇರೆ ಜಾತಿ ಉಂಟಮ್ಮ. ಕೆಲವು ನಿದ್ದೆ, ಹಸಿವು ಜಾಸ್ತಿ ಮಾಡ್ತವೆ. ಕೆಲವು ಸುರುವಿಗೆ ವಾಕರಿಕೆ, ತಲೆನೋವು ತರ್ತವೆ, ಆಮೇಲೆ ಹೆಚ್ಚಿನವರಿಗೆ ಸರಿಯಾಗ್ತದೆ. ಹಿಡಿಸದಿದ್ರೆ ಬದಲಾಯಿಸುವ. ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ" ಎಂದರು.

ಗುಲಾಬಿಯಕ್ಕ ನನ್ನ ತೋಳು ತಿವಿದರು. "ಗಂಡನೊಟ್ಟಿಗೆ ಮಲಗುವ ವಿಷಯದಲ್ಲಿ ಏನಾದ್ರೂ ವ್ಯತ್ಯಾಸ ಆದ್ರೆ ಅದನ್ನೂ ಹೇಳಿ. ಕೆಲವು ಮಾತ್ರೆಗೆ ಅದೂ ಉಂಟು." ನಾನು ನೆಲ ನೋಡಿದೆ. ಡಾಕ್ಟರಮ್ಮ ನಗುತ್ತಾ ಬೇರೆ ಮಾತ್ರೆ ಬರೆದುಕೊಟ್ಟರು.

ಹೊಸ ಮಾತ್ರೆಗೆ ಹತ್ತು ದಿನ ವಾಕರಿಕೆ. ದಿನಾ ಬೆಳಿಗ್ಗೆ ಗುಲಾಬಿಯಕ್ಕನ ಫೋನು: "ಗಂಜಿ ಉಂಡು ನುಂಗಿದ್ರಾ?" ಕೆಲವು ವಾರಗಳಾದ ಮೇಲೆ ಒಂದು ದಿನ ಹರಿವೆ ಸೊಪ್ಪು ಬಿಡಿಸುತ್ತಿದ್ದಾಗ ಭಜನೆಯ ಒಂದು ಸಾಲು ತಾನಾಗಿ ಬಾಯಿಗೆ ಬಂತು. ದೇವರು ಕೊಟ್ಟದ್ದರಲ್ಲಿ ಅದೊಂದನ್ನು ನಾನು ಮರೆಯುವುದಿಲ್ಲ.

ಆಮೇಲೆ ಅವರು ಅಂಗಡಿ ಮುಚ್ಚಿ ಮೂಡಬಿದಿರೆಗೆ, ಮಗಳ ಮನೆಗೆ ಹೋದರು. ಕಳೆದ ವರ್ಷ ಅಲ್ಲಿಯೇ ತೀರಿಕೊಂಡರು. ನನ್ನ ಮಾತ್ರೆಯನ್ನು ಡಾಕ್ಟರಮ್ಮ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ಕಳೆದ ಸೋಮವಾರ ನಿಲ್ಲಿಸಿದರು. ಯಾರಿಗೆ ಹೇಳುವುದು? ಗುಲಾಬಿಯಕ್ಕನ ಮಗಳಿಗೆ ಫೋನ್ ಮಾಡಿದೆ.

"ಅಮ್ಮ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು. ನನ್ನ ಮಾತ್ರೆ ನಿಂತಿತು."

"ಯಾವ ಮಾತ್ರೆ ಆಂಟಿ?"

"ಅಮ್ಮ ತಿನ್ನುತ್ತಿದ್ರಲ್ಲ, ಅಂಥದ್ದೇ" ಎಂದೆ.

"ನಿಮಗೂ ಇತ್ತಾ? ನಿಮ್ಮ ವಿಷಯ ಅಮ್ಮ ನನಗೆ ಹೇಳ್ಲೇ ಇಲ್ಲ."

ಪಕ್ಕದ ಮನೆಯಾಕೆ ಬೇಲಿಯ ಆಚೆ ಬಟ್ಟೆ ಒಣಹಾಕುತ್ತಿದ್ದಳು. ದನಿ ತಗ್ಗಿಸಲಿಲ್ಲ. ಜಗಲಿಯಲ್ಲಿ ಕುಳಿತು ಮೊದಲಿನಿಂದ ಹೇಳತೊಡಗಿದೆ.